ಕಾಡಿನ ಪಲಕಪ್ಪಯ್ಯಾನಿ, ಬಾಟಲಿಯ ಪಲಕಪ್ಪಯ್ಯಾನಿ: ಬೈಕಲೇಯಿನ್ ಇಷ್ಟು ಕಮ್ಮಿ ಬರುದು ಯಾಕೆ?

ಬನದ_ಹಾದಿ

ಎಲ್ರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯವಳು, ಎಂಎಸ್ಸಿ ಬಾಟನಿ ಕೊನೇ ವರ್ಷ. ಹತ್ತನೇವರೆಗೆ ಕನ್ನಡ ಮೀಡಿಯಂ, ಈಗ ಎಲ್ಲ ಇಂಗ್ಲಿಷ್, ಆದ್ರೆ ಮನಸ್ಸಿಗೆ ಕೊರೀತಾ ಇರುವ ವಿಷಯ ಕೇಳ್ಬೇಕಾದ್ರೆ ಕನ್ನಡವೇ ಬಾಯಿಗೆ ಬರುದು, ಹಾಗೆ ಇಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ.

ಪ್ರಾಜೆಕ್ಟ್ ಮಾಡಿದ್ದು ಪಲಕಪ್ಪಯ್ಯಾನಿ ಮರದ ಮೇಲೆ. ಮಲಯಾಳದಲ್ಲಿ ಹೀಗೆ ಹೇಳುದು, ಕನ್ನಡದಲ್ಲಿ ಆನೆಮುಂಗು, ಸಂಸ್ಕೃತದಲ್ಲಿ ಶ್ಯೋನಾಕ, ಬಾಟನಿ ಹೆಸರು ಒರಾಕ್ಸೈಲಮ್ ಇಂಡಿಕಮ್. ಆಯುರ್ವೇದದ ದಶಮೂಲದ ಹತ್ತರಲ್ಲಿ ಇದೊಂದು. ಮದ್ದಿಗೆ ಇದರ ಬೇರು ಬೇಕಾದ ಕಾರಣ ಮರವನ್ನು ಬುಡಸಮೇತ ಅಗೆದು ತೆಗೀತಾರೆ. ನಮ್ಮ ಮನೆ ಹಿಂದಿನ ಗುಡ್ಡೆಯಲ್ಲಿ ನಾನು ಸಣ್ಣವಳಿರುವಾಗ ಐದಾರು ಇತ್ತು, ಈಗ ಒಂದೇ ಉಳ್ದದ್ದು. ಟಿಶ್ಯೂ ಕಲ್ಚರಿನಲ್ಲಿ, ಅಂದ್ರೆ ಲ್ಯಾಬಿನ ಬಾಟಲಿಯೊಳಗೆ, ಗಿಡ ಮಾಡಿ ಅದರಲ್ಲಿಯೂ ಮರದಲ್ಲಿರುವ ಫ್ಲೇವನಾಯ್ಡ್ ಅನ್ನುವ ರಾಸಾಯನಿಕ ಉಂಟು ಅಂತ, ಸಾರದ ಒಂದೊಂದು ವಸ್ತುವನ್ನು ಬೇರೆ ಮಾಡಿ ಅಳೆಯುವ ಮಿಶಿನ್ ಎಚ್‌ಪಿಎಲ್‌ಸಿಯಲ್ಲಿ ತೋರಿಸಿದ್ರೆ ಯಾರಾದ್ರೂ ನೆಟ್ಟು ಬೆಳೆಸ್ತಾರೆ, ಕಾಡಿಂದ ಅಗೆಯುದು ಕಮ್ಮಿ ಆದೀತು ಅಂತ ನನ್ನ ಆಸೆ.

ಹೋಲಿಸಿ ನೋಡ್ಲಿಕ್ಕೆ ಎರಡು ಶುದ್ಧ ಫ್ಲೇವನಾಯ್ಡ್ (ಸ್ಟ್ಯಾಂಡರ್ಡ್) ತರಿಸಿದ್ದು, ಬೈಕಲೇಯಿನ್ ಮತ್ತು ಕ್ರೈಸಿನ್. ಸಾರ ಹರಿದು ಬೇರೆ ಬೇರೆಯಾಗುವ ಕೊಳವೆ ಸಿ18 ಕಾಲಮ್, 250 ಮಿಲಿಮೀಟರ್ ಉದ್ದ 4.6 ಅಡ್ಡ, 5 ಮೈಕ್ರಾನ್. ಮೆಥನಾಲ್ ಮತ್ತು 0.1% ಫಾರ್ಮಿಕ್ ಆಸಿಡ್ ಹಾಕಿದ ನೀರು, ಗ್ರೇಡಿಯೆಂಟ್, ನಿಮಿಷಕ್ಕೆ 1 ಮಿಲಿ, 20 ಮೈಕ್ರೊಲೀಟರ್ ಇಂಜೆಕ್ಷನ್, ನೋಡಿದ್ದು 270 ನ್ಯಾನೋಮೀಟರ್ ಬೆಳಕಿನಲ್ಲಿ. ಕಾಡಿನ ಮರದ್ದು ಹಾಕಿದಾಗ ಬೈಕಲೇಯಿನ್ ಜಾಗದಲ್ಲಿ ಪೀಕ್ ಸ್ಕ್ರೀನಿನ ಮೇಲಂಚಿಗೆ ಹೋಗಿ ಮುಟ್ಟಿತು. ನನ್ನ ಬಾಟಲಿ ಗಿಡದ್ದು ಹಾಕಿದ್ರೆ ಅದೇ ಜಾಗದಲ್ಲಿ ಬೇಸ್‌ಲೈನಿಂದ ಸಣ್ಣಕೆ ಎದ್ದು ಮಲಗಿತು. ಮೂರು ಸಲ ಹಾಕಿದೆ, ಮೂರು ಸಲವೂ ಹಾಗೇ.

"ಕಾಡಿನದ್ದೇ ಶ್ರೇಷ್ಠ ಅಂತ ಬರೆದು ಮುಗಿಸಿ" ಅಂದ್ರು ನಮ್ಮ ಕಾಲೇಜಿನಲ್ಲಿ. ಹಾಗೆ ಬರೆದ್ರೆ ಆ ಒಂದು ಮರವನ್ನು ಅಗೆಯಲಿಕ್ಕೆ ನಾನೇ ಕಾರಣ ಕೊಟ್ಟ ಹಾಗೆ ಆಗ್ತದೆ ಅಂತ ರಾತ್ರಿ ನಿದ್ದೆ ಬರ್ತಿಲ್ಲ. ಸುಳ್ಳು ಬರೆಯಲಿಕ್ಕೂ ಮನಸ್ಸಿಲ್ಲ. ಎಲ್ಲಿ ನೋಡ್ಬೇಕು, ಎಂತ ಮಾಡ್ಬೇಕು, ತಿಳ್ದವರು ಹೇಳಿ.

ಸಿ18_ಉಪ್ಪಳ

ತಂಗೀ, ಮೊದಲು ನಿದ್ದೆ ಮಾಡಿ. ನಾನು ಔಷಧ ಕಂಪೆನಿಯ ಕ್ಯುಸಿಯಲ್ಲಿ (ಗುಣಮಟ್ಟ ಪರೀಕ್ಷೆ) ಹದಿನಾಲ್ಕು ವರ್ಷ ಇದೇ ಮಿಶಿನ್ ಎದುರು ಕೂತವ. ಮಿಶಿನ್ ಸುಳ್ಳು ಹೇಳುದು ಕಮ್ಮಿ, ನಾವು ಅದಕ್ಕೆ ಕೊಟ್ಟ ಸ್ಯಾಂಪಲ್ ಎಂತದ್ದು ಅಂತ ಅದಕ್ಕೆ ಗೊತ್ತಿರುದಿಲ್ಲ ಅಷ್ಟೆ.

ಕಾಡಿನ ಮರದ ಯಾವ ಭಾಗ ತೆಗೆದದ್ದು? ಬಾಟಲಿ ಗಿಡದ ಯಾವ ಭಾಗ? ಹೇಗೆ ಒಣಗಿಸಿದ್ದು ಎರಡನ್ನೂ? ತೂಕ ಹಸಿಯದ್ದಾ ಒಣಗಿದ್ದರದ್ದಾ? ಮತ್ತೆ ನಿಮ್ಮ ಮಿಶಿನಿನಲ್ಲಿ ಡಯೋಡ್ ಅರೇ ಡಿಟೆಕ್ಟರ್ (ಎಲ್ಲಾ ತರಂಗಾಂತರ ಒಟ್ಟಿಗೆ ನೋಡುವಂಥದ್ದು) ಉಂಟಾ, ಬರೀ ಯುವಿಯಾ? ಪೀಕುಗಳ ಗ್ರಾಫಿನಲ್ಲಿ, ಅಂದ್ರೆ ಕ್ರೊಮ್ಯಾಟೋಗ್ರಾಮಿನಲ್ಲಿ, ಬೈಕಲೇಯಿನಿಗಿಂತ ಮೊದಲು ಬಂದ ಪೀಕುಗಳನ್ನು ಸರಿಯಾಗಿ ನೋಡಿದ್ದೀರಾ? ಇಷ್ಟು ಹೇಳಿ, ಮತ್ತೆ ಮಾತಾಡುವ.

ಪೆರ್ಲದ_ತೋಟ

ಸೈನ್ಸ್ ನನಗೆ ಅಷ್ಟು ಗೊತ್ತಿಲ್ಲ, ಮರ ಗೊತ್ತುಂಟು. ನಮ್ಮ ಗುಡ್ಡೆಯ ಅಂಚಿನಲ್ಲಿ ಎರಡು ಉಂಟು, ಒಂದು ನನ್ನ ಅಪ್ಪನ ಕಾಲದ್ದು. ಮುರಕಲ್ಲಿನ ಸಂದಿನಲ್ಲಿ ಬೇರು ಬಿಟ್ಟು ನಿಂತದ್ದು. ಕೆಳಗೆ ಕೊಂಬೆಯೇ ಇಲ್ಲ, ಮೇಲೆ ಮಾತ್ರ ಛತ್ರಿ ಹಿಡ್ದ ಹಾಗೆ ಒಂದಾಳುದ್ದದ ಎಲೆ. ಹೂ ರಾತ್ರಿ ಅರಳುದು, ಬಾವಲಿ ಬಂದು ಕೂತ್ಕೊಳ್ತದೆ, ಬೆಳಗ್ಗೆ ನೋಡಿದ್ರೆ ಬುಡದಲ್ಲಿ ದಪ್ಪ ದಪ್ಪ ಹೂ ಬಿದ್ದಿರ್ತದೆ, ವಾಸನೆ ಅಷ್ಟು ಒಳ್ಳೇದಿಲ್ಲ. ಕಾಯಿ ಅಂದ್ರೆ ಕತ್ತಿ ನೇತು ಹಾಕಿದ ಹಾಗೆ, ಬೇಸಗೆಯಲ್ಲಿ ಒಡೆದು ಒಳಗಿಂದ ಬಿಳೀ ಕಾಗದದಂತ ಬೀಜ ಗಾಳಿಯಲ್ಲಿ ಹಾರ್ತದೆ, ನಮ್ಮ ಅಂಗಳದ ಅಡಿಕೆ ಮೇಲೆಲ್ಲ ಬಂದು ಕೂರ್ತದೆ.

ಎರಡು ವರ್ಷ ಹಿಂದೆ ಬೇರು ಕೇಳಿಕೊಂಡು ಜೀಪಿನಲ್ಲಿ ಜನ ಬಂದಿದ್ರು. ಕೊಡುದಿಲ್ಲ ಅಂದೆ. ವಾರ ಕಳೆದು ನೋಡಿದ್ರೆ ತೋಡಿನ ಆಚೆ ಬದಿ ಇದ್ದ ಮೂರನೇದ್ದು ಇಲ್ಲ, ಗುಂಡಿ ಮಾತ್ರ ಉಂಟು. ಆ ಗುಂಡಿ ನೋಡಿ ನನ್ನ ಹೆಂಡತಿ ಅತ್ತಳು. ನೀವು ಮಾಡುವ ಕೆಲಸ ನಿಲ್ಲಿಸ್ಬೇಡಿ ಮಗಳೇ.

ಒಂದು ಕೇಳ್ತೇನೆ, ತೊಗಟೆಗೆ ಕತ್ತಿ ತಾಗಿಸಿದ್ರೆ ಒಳಗೆ ಹಳದಿ ಕಾಣ್ತದಲ್ವಾ, ನೀವು ಹೇಳುವ ವಸ್ತು ಅದೆಯಾ?

ಬನದ_ಹಾದಿ

@ಪೆರ್ಲದ_ತೋಟ ಹೌದು ಮಾವ, ಬೈಕಲೇಯಿನ್ ಪುಡಿಯೂ ಹಳದಿಯೇ. ಹಳದಿ ಪೂರಾ ಅದೊಂದರಿಂದಲೇ ಅಂತ ಹೇಳ್ಲಿಕ್ಕಾಗುದಿಲ್ಲ, ಕ್ರೈಸಿನ್, ಒರಾಕ್ಸಿಲಿನ್-ಎ ಅಂತ ಅದರ ಅಕ್ಕತಂಗಿಯರೂ ಉಂಟು. ಆ ಗುಂಡಿಯ ವಿಷಯ ಓದಿ ಬೇಜಾರಾಯ್ತು.

@ಸಿ18_ಉಪ್ಪಳ ಅಣ್ಣಾ, ಕಾಡಿನದ್ದು ಕಾಂಡದ ತೊಗಟೆ, ಬೇರು ಮುಟ್ಟಲಿಕ್ಕೆ ಮನಸ್ಸಾಗಲಿಲ್ಲ. ಮನೆಯ ಅಂಗಳದಲ್ಲಿ ನೆರಳಿನಲ್ಲಿ ಹರಡಿ ಎಂಟು ದಿನ ಒಣಗಿಸಿದ್ದು. ಬಾಟಲಿ ಗಿಡ ಇಡೀ ಗಿಡ, ಬೇರು ಎಲೆ ಎಲ್ಲ ಸೇರಿ, ಯಾಕಂದ್ರೆ ಒಂದೊಂದು ಗಿಡ ಬೆರಳುದ್ದ ಇರುದು, ಭಾಗ ಮಾಡಿದ್ರೆ ತೂಕಕ್ಕೆ ಸಾಕಾಗುದಿಲ್ಲ. ಅದನ್ನು ಓವನಿನಲ್ಲಿ 40 ಡಿಗ್ರಿಯಲ್ಲಿ ಒಣಗಿಸಿದ್ದು. ತೂಕ ಎರಡೂ ಒಣಗಿದ್ದರದ್ದೇ. ಡಯೋಡ್ ಅರೇ ಉಂಟು, ಆದ್ರೆ ನಾನು 270 ಮಾತ್ರ ನೋಡಿದ್ದು. ಮೊದಲು ಬಂದ ಪೀಕುಗಳು ಉಂಟು, ಬಾಟಲಿ ಗಿಡದಲ್ಲಿ ಹತ್ತು ನಿಮಿಷದ ಆಸುಪಾಸು ಎರಡು ದೊಡ್ಡದೇ ಉಂಟು, ಸ್ಟ್ಯಾಂಡರ್ಡ್ ಇಲ್ಲದ ಕಾರಣ ಅನ್‌ನೋನ್ ಅಂತ ಬಿಟ್ಟೆ.

ಬಾಟಲಿಗಿಡ_ಕಾಞಂಗಾಡ್

ನಾನು ಬಾಳೆ, ಆರ್ಕಿಡ್ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಕೆಲಸ ಮಾಡುದು, ಮರದ ಜಾತಿಯಲ್ಲೂ ಸ್ವಲ್ಪ ಕೈ ಹಾಕಿದ್ದೇನೆ. ನಿಮ್ಮ ಉತ್ತರ ಓದುವಾಗಲೇ ನನಗೆ ಕಂಡದ್ದು, ನೀವು ಹೋಲಿಸಿದ್ದು ಕಾಡು ಮತ್ತು ಬಾಟಲಿ ಅಲ್ಲ, ಹಳೇ ಮರದ ತೊಗಟೆ ಮತ್ತು ಎಳೇ ಇಡೀ ಗಿಡ. ತೊಗಟೆ ಅಂದ್ರೆ ಮರ ವರ್ಷಗಟ್ಲೆ ಇಂಥದ್ದನ್ನು ತಂದು ತುಂಬಿಸುವ ಉಗ್ರಾಣ. ನಿಮ್ಮ ಬೆರಳುದ್ದದ ಗಿಡಕ್ಕೆ ತೊಗಟೆ ಅಂತ ಒಂದು ಇನ್ನೂ ಆಗಿರುದೇ ಇಲ್ಲ.

ಇನ್ನೊಂದು, ಇದನ್ನು ಹೆಚ್ಚಿನವರು ಬಿಟ್ಟುಬಿಡ್ತಾರೆ. ಗಿಡ ಬಾಟಲಿಯಿಂದ ತೆಗೆಯುವಾಗ ಬೇರಿಗೆ ಅಗರ್, ಅಂದ್ರೆ ಗಿಡ ನಿಲ್ಲಿಸುವ ಮೀಡಿಯಾದ ಲೋಳೆ, ಅಂಟಿಕೊಂಡಿರ್ತದೆ. ನೋಡ್ಲಿಕ್ಕೆ ಪಾರದರ್ಶಕ, ತೊಳ್ದಾಗಿದೆ ಅಂತ ಅನ್ನಿಸ್ತದೆ. ಆ ಮೀಡಿಯಾದಲ್ಲಿ ಲೀಟರಿಗೆ 30 ಗ್ರಾಂ ಸಕ್ಕರೆ ಉಂಟು, 8 ಗ್ರಾಂ ಅಗರ್ ಉಂಟು. ಗಿಡದೊಟ್ಟಿಗೆ ಅದೂ ಒಣಗಿ ಗಟ್ಟಿಯಾಗಿ ತೂಕಕ್ಕೆ ಸೇರ್ತದೆ. ನೀವು ನೂರು ಮಿಲಿಗ್ರಾಂ ಗಿಡ ಅಂತ ತೂಗಿದ್ದರಲ್ಲಿ ಸಕ್ಕರೆ ಅಗರ್ ಎಷ್ಟು, ಗಿಡ ಎಷ್ಟು? ಉಗುರು ಬೆಚ್ಚಗಿನ ನೀರಿನಲ್ಲಿ ಮೆಲ್ಲ ಅಲುಗಿಸಿ, ಮೆತ್ತನೆ ಬ್ರಶ್ ಹಿಡಿದು, ಬೇರನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿ, ಹೊಳೆಯುವ ಲೋಳೆ ಇಲ್ಲ ಅಂತ ಖಾತ್ರಿಯಾಗುವ ತನಕ ತೊಳೀಬೇಕು. ಮತ್ತೆ ಟಿಶ್ಯೂ ಪೇಪರಿನಲ್ಲಿ ಒತ್ತಿ ನೀರು ತೆಗೀರಿ.

ಬೆಳಕಿನ ವಿಷಯವೂ ಉಂಟು. ಫ್ಲೇವನಾಯ್ಡ್ ಗಿಡಕ್ಕೆ ಬಿಸಿಲ ಕೊಡೆ ಇದ್ದ ಹಾಗೆ, ಯುವಿ-ಬಿ ಕಿರಣ ಹೀರಿ ಒಳಗಿನ ಜೀವಕೋಶ ಕಾಯ್ತದೆ. ಕಲ್ಚರ್ ರೂಮಿನ ಟ್ಯೂಬ್‌ಲೈಟಿನಲ್ಲಿ ಯುವಿ-ಬಿ ಇಲ್ಲ ಅಂತಲೇ ಹೇಳ್ಬಹುದು, ಬಂದ ಚೂರನ್ನೂ ಬಾಟಲಿಯ ಗಾಜು ತಡೀತದೆ. ಹುಳ ಇಲ್ಲ, ಬೂಸ್ಟು ಇಲ್ಲ, ನೀರಿನ ಬರ ಇಲ್ಲ. ಹೊಟ್ಟೆಗೆ ಸಕ್ಕರೆ ಸಿಗ್ತದೆ. ಕೊಡೆ ಬಿಡಿಸುವ ಅಗತ್ಯವೇ ಬರುದಿಲ್ಲ ಅದಕ್ಕೆ.

ನೀವು ಗಿಡ ಮಾಡಿದ್ದು ಎಂತದರಿಂದ, ಮರದ ಗೆಣ್ಣಿನಿಂದಲಾ ಬೀಜದಿಂದಲಾ?

ಬನದ_ಹಾದಿ

ಗೆಣ್ಣು ಹಾಕಿ ನೋಡಿದೆ ಅಕ್ಕಾ, ಕ್ರಿಮಿ ಸಾಯ್ಲಿಕ್ಕೆ 0.1% ಮರ್ಕ್ಯುರಿಕ್ ಕ್ಲೋರೈಡಿನಲ್ಲಿ ಅದ್ದಿದ್ರೂ ಎಲ್ಲಾ ಬೂಸ್ಟು ಬಂತು, ಮಳೆಗಾಲ ಬೇರೆ. ಮತ್ತೆ ಕಾಯಿಯ ಬೀಜ ತಂದು ಬಾಟಲಿಯಲ್ಲೇ ಮೊಳಕೆ ಬರಿಸಿ ಆ ಸಸಿಯ ಗೆಣ್ಣಿನಿಂದ ಎಂಎಸ್ ಮೀಡಿಯಾದಲ್ಲಿ ಮಾಡಿದ್ದು. ಅಗರಿನ ವಿಷಯ ನೀವು ಹೇಳಿದ ಮೇಲೆ ಹೋಗಿ ಉಳಿದ ಒಣ ಗಿಡಗಳನ್ನು ಲೆನ್ಸಿನಲ್ಲಿ ನೋಡಿದೆ, ಬೇರಿನ ಸುತ್ತ ತೆಳು ಪ್ಲಾಸ್ಟಿಕ್ ಸುತ್ತಿದ ಹಾಗೆ ಒಣಗಿ ನಿಂತದ್ದು ಕಂಡಿತು. ಕೈ ನಡುಗಿತು.

ಬಾಟಲಿಗಿಡ_ಕಾಞಂಗಾಡ್

ಹಾಗಾದ್ರೆ ತೊಗಟೆ ಕೊಟ್ಟ ಮರ ಮತ್ತು ಈ ಗಿಡ ಒಂದೇ ರಕ್ತ ಅಲ್ಲ. ಬೀಜ ಅಂದ್ರೆ ತಾಯಿ ಅರ್ಧ, ಬಾವಲಿ ಎಲ್ಲಿಂದ ಪರಾಗ ತಂದಿತ್ತೋ ಆ ಮರ ಅರ್ಧ. ಬಾಟಲಿಯಲ್ಲಿ ಬೆಳೆದ ಕಾರಣ ಕಮ್ಮಿ ಆದದ್ದಾ, ಹುಟ್ಟುವಾಗಲೇ ಕಮ್ಮಿ ಇದ್ದದ್ದಾ ಅಂತ ನಿಮ್ಮ ಈಗಿನ ಡೇಟಾದಲ್ಲಿ ಬೇರೆ ಮಾಡ್ಲಿಕ್ಕೆ ದಾರಿ ಇಲ್ಲ. ಬೇಜಾರು ಮಾಡ್ಬೇಡಿ, ಸರಿ ಮಾಡ್ಲಿಕ್ಕೆ ಆಗುವಂಥದ್ದೇ. ಅದೇ ಕಾಯಿಯ ಬೀಜ ಕೆಲವು ಮಣ್ಣಿನಲ್ಲಿ ಹಾಕಿ, ಕೆಲವು ಬಾಟಲಿಯಿಂದ ಹೊರ ತೆಗೆದು ಹಾರ್ಡನಿಂಗ್ ಮಾಡಿ (ಹೊರಗಿನ ಗಾಳಿ ಬಿಸಿಲಿಗೆ ಮೆಲ್ಲ ಅಭ್ಯಾಸ ಮಾಡಿಸಿ), ಒಂದೇ ವಯಸ್ಸಿನವು ಅಕ್ಕಪಕ್ಕ ಪಾಲಿಬ್ಯಾಗಿನಲ್ಲಿ ಒಂದೇ ಬಿಸಿಲಿನಲ್ಲಿ ಇಡಿ. ಆಗ ನೀವು ಕೇಳುವ ಪ್ರಶ್ನೆಗೆ ಉತ್ತರ ಸಿಗ್ತದೆ.

ಸಿ18_ಉಪ್ಪಳ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಈಗ ನಾನು ಹತ್ತು ನಿಮಿಷದ ಆ ಎರಡು ಪೀಕಿಗೆ ಬರ್ತೇನೆ, ನನ್ನ ಮನಸ್ಸು ಪೂರಾ ಅಲ್ಲೇ ಉಂಟು.

ಈ ಫ್ಲೇವನಾಯ್ಡುಗಳು ಗಿಡದಲ್ಲಿ ಎರಡು ರೂಪದಲ್ಲಿ ಇರ್ತವೆ. ಒಂದು ಒಂಟಿಯಾಗಿ, ಅಗ್ಲೈಕೋನ್ ಅಂತಾರೆ, ಬೈಕಲೇಯಿನ್ ಅದು. ಇನ್ನೊಂದು ಸಕ್ಕರೆ ಕಟ್ಟಿಕೊಂಡು. ಬೈಕಲೇಯಿನಿಗೆ ಒಂದು ಗ್ಲೂಕೋಸ್ ಸೇರಿದ್ರೆ ಒರಾಕ್ಸಿನ್-ಎ, ಎರಡು ಸೇರಿದ್ರೆ ಒರಾಕ್ಸಿನ್-ಬಿ, ಗ್ಲುಕುರೋನಿಕ್ ಆಸಿಡ್ ಸೇರಿದ್ರೆ ಬೈಕಲಿನ್. ಬೈಕಲೇಯಿನ್, ಬೈಕಲಿನ್, ಈ ಎರಡು ಹೆಸರು ಸರಿಯಾಗಿ ನೋಡಿ, ಆರ್ಡರ್ ಮಾಡುವಾಗ ಒಂದರ ಬದಲು ಇನ್ನೊಂದು ಬಂದು ತಿಂಗಳು ಹಾಳಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಕ್ಕರೆ ಕಟ್ಟಿಕೊಂಡದ್ದು ನೀರಿನ ಕಡೆ ಎಳೀತದೆ, ಸಿ18 ಕಾಲಮ್ ಎಣ್ಣೆಯಂಥ ಗುಣದ್ದು, ಅದರಲ್ಲಿ ನಿಲ್ಲುದಿಲ್ಲ, ಬೇಗ ಹೊರಗೆ ಬರ್ತದೆ. ಒಂಟಿಯದ್ದು ಅಂಟಿಕೊಂಡು ತಡವಾಗಿ ಬರ್ತದೆ. ಹಾಗಾದ್ರೆ ನಿಮ್ಮ ಬಾಟಲಿ ಗಿಡದಲ್ಲಿ ಮೊದಲೇ ಬಂದ ಆ ಎರಡು ದೊಡ್ಡ ಪೀಕು ಬೈಕಲೇಯಿನೇ ಸಕ್ಕರೆ ಹೊತ್ತುಕೊಂಡು ಬಂದದ್ದು ಯಾಕಾಗಿರಬಾರದು? ನೀವು ಅದನ್ನು ಲೆಕ್ಕಕ್ಕೇ ತೆಗೊಳ್ಲಿಲ್ಲ.

ಎರಡೂವರೆ ಮೂರು ನಿಮಿಷದಲ್ಲಿ ಬರುದನ್ನು ಬಿಡಿ, ನಿಮ್ಮ ಕಾಲಮಿನ ಅಳತೆಗೆ ಅದು ಯಾವುದಕ್ಕೂ ಅಂಟದೆ ನೇರ ಹರಿದು ಬಂದ ಕಸ. ಹತ್ತು ನಿಮಿಷದ್ದು ಹಾಗಲ್ಲ. ಡಯೋಡ್ ಅರೇಯಲ್ಲಿ ಅವುಗಳ ಸ್ಪೆಕ್ಟ್ರಮ್, ಅಂದ್ರೆ ಯಾವ ಬೆಳಕನ್ನು ಎಷ್ಟು ಹೀರ್ತದೆ ಅನ್ನುವ ಗೆರೆ, ತೆಗೀರಿ. ಬೈಕಲೇಯಿನಿನದ್ದು 275ರ ಹತ್ತಿರ ಒಂದು ಗುಡ್ಡ, 320ರ ಹತ್ತಿರ ಸಣ್ಣ ಗುಡ್ಡ. ಸಕ್ಕರೆಗೆ ಸ್ವಂತ ಬಣ್ಣ ಇಲ್ಲದ ಕಾರಣ ಗ್ಲೈಕೋಸೈಡಿನದ್ದೂ (ಸಕ್ಕರೆ ಕಟ್ಟಿಕೊಂಡದ್ದು) ಹೆಚ್ಚುಕಮ್ಮಿ ಅದೇ ಮುಖ ಇರ್ತದೆ, ಎರಡನೇ ಗುಡ್ಡ ಸ್ವಲ್ಪ ಸರೀಬಹುದು.

ಒಣಗಿಸಿದ್ದರ ವಿಷಯ ಇದಕ್ಕೇ ಕೇಳಿದ್ದು ನಾನು. ಚೀನಾದವರ ಸ್ಕುಟೆಲ್ಲೇರಿಯಾ ಬೇರಿನಲ್ಲಿ ಬೈಕಲಿನ್ ತುಂಬಾ ಉಂಟು, ಆ ಬೇರು ಹಸಿಯಾಗಿ ನೀರಿನಲ್ಲಿ ಬಿದ್ದಿದ್ರೆ ಒಳಗಿನ ಎನ್ಜೈಮ್ ಎದ್ದು ಬೈಕಲಿನನ್ನು ಕತ್ತರಿಸಿ ಬೈಕಲೇಯಿನ್ ಮಾಡ್ತದೆ. ಅದಕ್ಕೇ ಅವರು ಬೇರನ್ನು ಮೊದಲು ಆವಿಯಲ್ಲಿ ಬೇಯಿಸಿ ಎನ್ಜೈಮ್ ಸಾಯಿಸ್ತಾರೆ. ನಿಮ್ಮ ತೊಗಟೆ ನಮ್ಮ ಊರಿನ ಈ ತೇವದಲ್ಲಿ ಎಂಟು ದಿನ ಮೆಲ್ಲ ಮೆಲ್ಲ ಒಣಗಿದೆ. ಅಷ್ಟು ದಿನದಲ್ಲಿ ಒಳಗೆ ಎಂತ ನಡೆಯಿತು? ಒಂದೇ ತೊಗಟೆ ತುಂಡನ್ನು ಎರಡು ಮಾಡಿ, ಒಂದನ್ನು ಕಿತ್ತ ಕೂಡ್ಲೇ ಇಡ್ಲಿ ಪಾತ್ರೆಯಲ್ಲಿ ಆವಿ ಕೊಟ್ಟು ಒಣಗಿಸಿ, ಇನ್ನೊಂದನ್ನು ಅಂಗಳದಲ್ಲಿ. ಎರಡನ್ನೂ ಒಂದೇ ದಿನ ಇಂಜೆಕ್ಟ್ ಮಾಡಿ. ಇದಕ್ಕೆ ದುಡ್ಡು ಖರ್ಚಿಲ್ಲ.

ನೀರ್ಚಾಲು_ಕಷಾಯ

ನಮ್ಮದು ವೈದ್ಯರ ಮನೆ, ಅಜ್ಜನ ಕಾಲದಿಂದ ದಶಮೂಲಾರಿಷ್ಟ ಮನೆಯಲ್ಲೇ ಮಾಡ್ತಾ ಬಂದವರು. ಚರ್ಚೆ ಒಳ್ಳೇದಾಗ್ತಾ ಉಂಟು, ಆದ್ರೆ ನನಗೆ ಒಂದು ಕಸಿವಿಸಿ. ಬೈಕಲೇಯಿನ್ ಒಂದನ್ನು ಅಳೆದು ಇದು ಶ್ಯೋನಾಕ ಹೌದು, ಇದು ಅಲ್ಲ ಅಂತ ಹೇಳುದು ಸರಿಯಾ? ನಾವು ಬೇರಿನ ತೊಗಟೆ ನೀರಿನಲ್ಲಿ ಕುದಿಸಿ ನಾಲ್ಕನೇ ಒಂದು ಪಾಲಿಗೆ ಇಳಿಸುವವರು. ನಿಮ್ಮದು ಮೆಥನಾಲ್. ನೀರಿಗೆ ಸಕ್ಕರೆ ಹೊತ್ತದ್ದೇ ಹೆಚ್ಚು ಇಳಿಯುದು ಅಂತ ಮೇಲೆ ಅಣ್ಣ ಹೇಳಿದ ಲೆಕ್ಕದಲ್ಲೇ ಬರ್ತದೆ. ಹಾಗಿದ್ರೆ ಕಷಾಯದ ಮಟ್ಟಿಗೆ ನೀವು ಅನ್‌ನೋನ್ ಅಂತ ಬಿಟ್ಟದ್ದೇ ಮುಖ್ಯ ಆಗ್ಲಿಕ್ಕೂ ಸಾಕು.

ಆದ್ರೆ ಮಿಶಿನ್ ಬೇಕು ಅಂತ ನಾನೂ ಹೇಳ್ತೇನೆ. ಅಂಗಡಿಯಲ್ಲಿ ಶ್ಯೋನಾಕ ಅಂತ ಕೊಡುದರಲ್ಲಿ ಐಲಾಂಥಸ್ ಅಂತ ಬೇರೆಯೇ ಒಂದು ಮರದ ತೊಗಟೆ ಬರುದುಂಟು, ಅದಕ್ಕೂ ಅರಲು ಅಂತ ಹೆಸರು ಉಂಟು, ಹಳೇ ಗೊಂದಲ. ಒಣಗಿ ಚೂರಾದ ಮೇಲೆ ಕಣ್ಣಿಗೆ ಗೊತ್ತಾಗುದು ಕಷ್ಟ. ಅದರ ಕಹಿ ಬೇರೆ ವರ್ಗದ್ದು, ಈ ಬೈಕಲೇಯಿನ್ ಪೀಕುಗಳ ಸಾಲು ಅದರಲ್ಲಿ ಇರುದಿಲ್ಲ. ಅಂಥಲ್ಲಿ ನಿಮ್ಮ ಕ್ರೊಮ್ಯಾಟೋಗ್ರಾಮ್ ನಮ್ಮ ಮೂಗು ನಾಲಗೆಗಿಂತ ಖಚಿತ.

ಬೇಳ_ಬಿಎಸ್ಸಿ

ಒಂದು ಡೌಟ್, ನಮ್ಮ ಡಿಗ್ರಿ ಲ್ಯಾಬಿನಲ್ಲಿ ಅಲ್ಯುಮಿನಿಯಂ ಕ್ಲೋರೈಡ್ ಹಾಕಿ 415ರಲ್ಲಿ ರೀಡಿಂಗ್ ತೆಗೆದು ಟೋಟಲ್ ಫ್ಲೇವನಾಯ್ಡ್ ಅಂತ ಬರೀತೇವೆ, ಕ್ವೆರ್ಸೆಟಿನ್ ಅನ್ನುವ ಇನ್ನೊಂದು ಫ್ಲೇವನಾಯ್ಡಿನ ಲೆಕ್ಕದಲ್ಲಿ. ಅರ್ಧ ಗಂಟೆ ಕೆಲಸ. ಇದಕ್ಕೆ ಅಷ್ಟೇ ಸಾಕಾಗುದಿಲ್ವಾ?

ಸಿ18_ಉಪ್ಪಳ

ಸಾಕಾಗುದಿಲ್ಲ ತಮ್ಮಾ. ಅಲ್ಯುಮಿನಿಯಂ ಫ್ಲೇವನಾಯ್ಡಿನ ಕೆಲವು ಜಾಗಕ್ಕೆ ಹೋಗಿ ಕೂತ್ರೆ ಬಣ್ಣ ಬರುದು. ಕ್ವೆರ್ಸೆಟಿನಿಗೆ ಆ ಜಾಗ ಎಲ್ಲಾ ಉಂಟು, 415ರಲ್ಲಿ ಜೋರು ಬಣ್ಣ. ಕ್ರೈಸಿನಿನಂಥದ್ದಕ್ಕೆ ಜಾಗ ಕಮ್ಮಿ, ಬಣ್ಣ ಬರುದೂ ಬೇರೆ ಕಡೆ. ಎಲೆಯಲ್ಲಿ ಒಂದು ಜಾತಿ, ತೊಗಟೆಯಲ್ಲಿ ಇನ್ನೊಂದು ಜಾತಿ ಇದ್ರೆ ಅವೆರಡರ ಟೋಟಲ್ ಹೋಲಿಸುದು ಅಂದ್ರೆ ತೆಂಗಿನಕಾಯಿ ಲೆಕ್ಕದಲ್ಲಿ ಅಡಿಕೆ ಎಣಿಸಿದ ಹಾಗೆ. ಮೊದಲ ಅಂದಾಜಿಗೆ ಆಗ್ತದೆ, ಯಾವ ವಸ್ತು ಎಷ್ಟು ಅಂತ ಹೇಳ್ಬೇಕಾದ್ರೆ ಬೇರ್ಪಡಿಸ್ಲೇಬೇಕು.

ಮಂಜೇಶ್ವರ_ಮಾಷ್ಟ್ರು

ನಿವೃತ್ತ ವಿಜ್ಞಾನ ಮಾಷ್ಟ್ರು ನಾನು. ಬೇರ್ಪಡಿಸುದು ಅಂದಾಗ ನೆನಪಾಯ್ತು, ಈ ವಿದ್ಯೆ ಹುಟ್ಟಿದ್ದೇ ಎಲೆಯಿಂದ. ಮಿಖಾಯಿಲ್ ತ್ಸ್ವೆಟ್ ಅಂತ ರಷ್ಯಾದ ಸಸ್ಯವಿಜ್ಞಾನಿ ಗಾಜಿನ ಕೊಳವೆಯಲ್ಲಿ ಸುಣ್ಣಕಲ್ಲಿನ ಪುಡಿ ತುಂಬಿಸಿ ಎಲೆಯ ರಸ ಮೇಲಿಂದ ಇಳಿಸಿದಾಗ ಹಸಿರು ಹಳದಿ ಪಟ್ಟೆ ಪಟ್ಟೆಯಾಗಿ ಬೇರೆಯಾಯ್ತು, 1906ರಲ್ಲಿ ಅದಕ್ಕೆ ಕ್ರೊಮ್ಯಾಟೋಗ್ರಫಿ ಅಂತ ಹೆಸರಿಟ್ಟರು. ಮಕ್ಕಳಿಗೆ ನಾನು ಸೀಮೆಸುಣ್ಣದ ಕಡ್ಡಿಯಲ್ಲಿ ಬಸಳೆ ಎಲೆ ರಸ ಏರಿಸಿ ತೋರಿಸ್ತಿದ್ದೆ.

ಇನ್ನೊಂದು ಹೇಳ್ಬೇಕು, ಸ್ವಲ್ಪ ಭಾರದ ವಿಷಯ. ಸ್ಯಾಂಪಲ್ ಎಲ್ಲಿಂದ, ಯಾವಾಗ, ಹೇಗೆ ತೆಗೆದದ್ದು ಅನ್ನುದು ಎಷ್ಟು ದೊಡ್ಡ ಪ್ರಶ್ನೆ ಅಂತ ಈ ಜಿಲ್ಲೆಯವರಿಗೆ ಬೇರೆ ಯಾರೂ ಕಲಿಸ್ಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ್ರು. ಮತ್ತೆ ನೀರು, ಮಣ್ಣು, ರಕ್ತ ಅಂತ ಅಳೆದು ಬೇರೆ ಬೇರೆ ವರದಿ ಬಂತು, ಒಂದು ಹೇಳಿದ್ದನ್ನು ಇನ್ನೊಂದು ಅಲ್ಲ ಅಂದಿತು. ಪಡ್ರೆಯ ಮನೆಗಳಲ್ಲಿ ಮಕ್ಕಳು ಮಲಗಿದ್ದಲ್ಲೇ ಇದ್ರು. ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಒಂದು ಅಂಕೆ ಕಾಗದಕ್ಕೆ ಏರಿದ ಮೇಲೆ ಅದರ ಹಿಂದಿನ ಸ್ಯಾಂಪಲನ್ನು ಯಾರೂ ಕೇಳುದಿಲ್ಲ ಮಗಾ, ಅಂಕೆಯನ್ನು ಮಾತ್ರ ಹಿಡ್ಕೊಳ್ತಾರೆ. ಕಾಡಿನದ್ದೇ ಶ್ರೇಷ್ಠ ಅಂತ ನೀನು ಅವಸರದಲ್ಲಿ ಬರೆದ್ರೆ ಜೀಪಿನವರು ಹಿಡ್ಕೊಳ್ಳುದು ಆ ಒಂದು ಸಾಲನ್ನು. ಬಾಟಲಿಯದ್ದು ಸಮ ಉಂಟು ಅಂತ ಆಸೆಯಿಂದ ಬರೆದ್ರೂ ತಪ್ಪೇ. ನಿದ್ದೆ ಬರ್ಲಿಲ್ಲ ಅಂದೆಯಲ್ಲ, ಒಳ್ಳೇ ಲಕ್ಷಣ ಅದು.

ಬನದ_ಹಾದಿ

ಮಾಷ್ಟ್ರೇ, ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ನಮ್ಮ ಸಂಬಂಧದಲ್ಲೂ ಅಂಥ ಒಂದು ಮನೆ ಉಂಟು.

ಇನ್ನು ಮೂರು ವಾರ ಸಮಯ ಕೇಳಿದ್ದೇನೆ, ಕೊಟ್ಟಿದ್ದಾರೆ. ಎಲ್ಲಾ ಹೊಸತಾಗಿ ಮಾಡ್ತೇನೆ.

ಬನದ_ಹಾದಿ (ಇಪ್ಪತ್ತನಾಲ್ಕು ದಿನ ಕಳೆದು)

ಬಂದೆ. ಮಧ್ಯದಲ್ಲಿ ನಾಲ್ಕು ದಿನ ಮಿಶಿನ್ ನಿಂತಿತ್ತು, ಪ್ರೆಶರ್ ಏರಿ ಏರಿ ಆಫ್ ಆಗ್ತಿತ್ತು. ತೊಗಟೆಯ ಸಾರ ನೋಡ್ಲಿಕ್ಕೆ ತಿಳಿ ಇತ್ತು, ಆದ್ರೆ ನೀರು ಸೇರಿದ ಕೂಡ್ಲೇ ಅಂಟು ಕೂತು ಕಾಲಮಿನ ಮುಂದೆ ಕಸ ತಡೆಯುವ ಗಾರ್ಡ್ ಕಾಲಮ್ ಕಟ್ಟಿತ್ತು. ಈಗ ಸೆಂಟ್ರಿಫ್ಯೂಜ್ ಮಾಡಿ, 0.22 ಮೈಕ್ರಾನ್ ಫಿಲ್ಟರಿನಲ್ಲಿ ತೆಗೆದು, ಮೊಬೈಲ್ ಫೇಸ್ (ಕಾಲಮಿನಲ್ಲಿ ಹರಿಯುವ ಮೆಥನಾಲ್ ನೀರು) ಹೇಗೆ ಶುರುವಾಗ್ತದೋ ಅದೇ ಹದಕ್ಕೆ ತೆಳು ಮಾಡಿ ಮತ್ತೆ ಹಾಕುದು. ಪ್ರೆಶರ್ ಗೆರೆ ಈಗ ನೇರ ಹೋಗ್ತದೆ.

ಸ್ಪೆಕ್ಟ್ರಮ್ ತೆಗೆದೆ ಅಣ್ಣಾ. ಹತ್ತು ನಿಮಿಷದ ಎರಡು ಪೀಕುಗಳ ಮೇಲೆ ಬೈಕಲೇಯಿನಿನ ಗೆರೆ ಇಟ್ಟು ನೋಡಿದೆ, ಮೊದಲ ಗುಡ್ಡ ಸರೀ ಕೂತಿತು, ಎರಡನೇದ್ದು ಒಂಚೂರು ಈಚೆ. ನಾನು ಎದ್ದು ನಿಂತೇ ಬಿಟ್ಟೆ. ಮತ್ತೆ ಸಕ್ಕರೆ ಕಳಚ್ಲಿಕ್ಕೆ ಆಸಿಡಿನಲ್ಲಿ ಹೈಡ್ರೊಲಿಸಿಸ್ ಮಾಡಿದೆ, 50% ಮೆಥನಾಲಿನಲ್ಲಿ ಹೈಡ್ರೊಕ್ಲೋರಿಕ್ ಆಸಿಡ್, 90 ಡಿಗ್ರಿ, ಎರಡು ಗಂಟೆ, ಬೈಕಲೇಯಿನ್ ಆಕ್ಸಿಡೈಸ್ ಆಗಿ ಹೋಗದ ಹಾಗೆ ಆಸ್ಕಾರ್ಬಿಕ್ ಆಸಿಡ್ ಹಾಕಿ. ಒಂದು ಪೀಕ್ ಪೂರಾ ಮಾಯ ಆಗಿ ಬೈಕಲೇಯಿನ್ ಪೀಕ್ ಎದ್ದು ಬಂತು. ಇನ್ನೊಂದು ಅರ್ಧ ಮಾತ್ರ ಇಳಿದಿದೆ.

ಅಗರ್ ಪೂರ್ತಿ ತೊಳೆದು, ಈ ಸಲ ಬೇರು ಬೇರೆ ಎಲೆ ಬೇರೆ ಮಾಡಿದೆ, ಅದಕ್ಕೆ ಅರುವತ್ತು ಬಾಟಲಿ ಖಾಲಿಯಾಯ್ತು. ಬೇರಿನಲ್ಲಿ ಹೈಡ್ರೊಲಿಸಿಸ್ ಮಾಡದಿದ್ರೂ ಬೈಕಲೇಯಿನ್ ಕಾಣ್ತದೆ, ಎಲೆಯಲ್ಲಿ ಬಹಳ ಕಮ್ಮಿ. ಆವಿ ಕೊಟ್ಟ ತೊಗಟೆಯಲ್ಲಿ ಮೊದಲು ಬರುವ ಪೀಕುಗಳು ಅಂಗಳದಲ್ಲಿ ಒಣಗಿದ್ದಕ್ಕಿಂತ ಹೆಚ್ಚಿದೆ, ಬೈಕಲೇಯಿನ್ ಸ್ವಲ್ಪ ಕಮ್ಮಿ. ಒಂದೇ ಮರ, ಒಂದೇ ಸಲ ಮಾಡಿದ್ದು, ಇದನ್ನು ಇನ್ನೂ ಎರಡು ಮರದಲ್ಲಿ ಮಾಡದೆ ಬರೆಯುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕಾಡಿನ ತೊಗಟೆಯಲ್ಲಿಯೇ ಹೆಚ್ಚು ಇರುದು. ಅದು ನಿಜ, ಹಾಗೇ ಬರೀತೇನೆ. ಆದ್ರೆ ಮೊದಲು ಕಂಡ ಅಂತರ ಅದಲ್ಲ.

ಸಿ18_ಉಪ್ಪಳ

ಭಾರೀ ಖುಷಿಯಾಯ್ತು ತಂಗೀ. ಅರ್ಧ ಇಳಿದ ಆ ಪೀಕ್ ಬೈಕಲಿನ್ ಆಗಿರುವ ಸಾಧ್ಯತೆ ಹೆಚ್ಚು. ಗ್ಲೂಕೋಸ್ ಸಲೀಸಾಗಿ ಕಳಚ್ತದೆ, ಗ್ಲುಕುರೋನಿಕ್ ಆಸಿಡಿನ ಹಿಡಿತ ಗಟ್ಟಿ, ಅದಕ್ಕೆ ಹೆಚ್ಚು ಆಸಿಡ್, ಹೆಚ್ಚು ಹೊತ್ತು ಬೇಕು. ನಾಲ್ಕು ಗಂಟೆ ಇಟ್ಟು ನೋಡಿ, ಪಕ್ಕದಲ್ಲಿ ಬರೀ ಬೈಕಲೇಯಿನ್ ಸ್ಟ್ಯಾಂಡರ್ಡನ್ನೂ ಅದೇ ಆಸಿಡಿನಲ್ಲಿ ಅಷ್ಟೇ ಹೊತ್ತು ಇಡಿ, ಎಷ್ಟು ನಷ್ಟ ಆಗ್ತದೆ ಅಂತ ಗೊತ್ತಾಗ್ತದೆ. ಬೈಕಲಿನ್ ಸ್ಟ್ಯಾಂಡರ್ಡ್ ಸ್ವಲ್ಪ ಎಲ್ಲಿಂದಾದ್ರೂ ಕೇಳಿ ತರಿಸಿ.

ಲೆಕ್ಕ ಬರೆಯುವಾಗ ಜಾಗ್ರತೆ. ಬೈಕಲೇಯಿನಿನ ಅಣುತೂಕ 270, ಬೈಕಲಿನಿನದ್ದು 446, ಒರಾಕ್ಸಿನ್-ಬಿಯದ್ದು 594. 10 ಮಿಲಿಗ್ರಾಂ ಒರಾಕ್ಸಿನ್-ಬಿ ಪೂರಾ ಒಡೆದ್ರೆ ಸಿಗುದು ನಾಲ್ಕೂವರೆ ಮಿಲಿಗ್ರಾಂ ಬೈಕಲೇಯಿನ್. ಮಿಲಿಗ್ರಾಮಿನಲ್ಲಿ ಹೋಲಿಸಿದ್ರೆ ಸಕ್ಕರೆಯ ತೂಕವೂ ಸೇರಿ ಮೋಸ ಆಗ್ತದೆ, ಮೋಲ್ ಲೆಕ್ಕದಲ್ಲಿ, ಅಂದ್ರೆ ಅಣುಗಳ ಸಂಖ್ಯೆಯ ಲೆಕ್ಕದಲ್ಲಿ, ಹಾಕಿ. ಮತ್ತೆ ಕ್ರೈಸಿನ್ ಪೀಕಿನ ಶುದ್ಧತೆ ನೋಡಿದ್ದೀರಾ? ಒರಾಕ್ಸಿಲಿನ್-ಎ ಅದರ ಬಗಲಲ್ಲೇ ಬರುವಂಥದ್ದು, ತೊಗಟೆಯಲ್ಲಿ ಎರಡೂ ಉಂಟು. ಎಲ್‌ಸಿ-ಎಂಎಸ್ (ಅಣುತೂಕವನ್ನೂ ತೋರಿಸುವ ಮಿಶಿನ್) ಒಂದು ರನ್ ಸಿಕ್ಕಿದ್ರೆ ನೆಗೆಟಿವ್ ಮೋಡಿನಲ್ಲಿ ಕ್ರೈಸಿನ್ 253, ಬೈಕಲೇಯಿನ್ 269, ಒರಾಕ್ಸಿಲಿನ್-ಎ 283, ಮೂರೂ ಬೇರೆ ಬೇರೆ ಕಾಣ್ತದೆ.

ಬಾಟಲಿಗಿಡ_ಕಾಞಂಗಾಡ್

ಅರುವತ್ತು ಬಾಟಲಿ ತೊಳೆದದ್ದಕ್ಕೆ ನಿಮಗೆ ಕೈಮುಗೀಬೇಕು. ಹಾರ್ಡನಿಂಗಿಗೆ ಎಷ್ಟು ಗಿಡ ಉಳಿಸಿದ್ದೀರಿ?

ಬನದ_ಹಾದಿ

ಹದಿನೆಂಟು ಅಕ್ಕಾ, ಹನ್ನೊಂದು ಬದುಕಿದೆ, ಹೊಸ ಎಲೆ ಬಿಟ್ಟಿದೆ. ಬಾಟಲಿಯೊಳಗಿನ ಎಲೆ ಗಾಜಿನ ಹಾಗೆ ಕಾಣ್ತಿತ್ತು, ಮೆತ್ತಗೆ ಇತ್ತು, ಹೊರಗೆ ಬಂದ ಮೇಲೆ ಬಂದ ಎಲೆ ದಪ್ಪ, ತೊಟ್ಟಿನಲ್ಲಿ ಸ್ವಲ್ಪ ಕೆಂಪು ಬಣ್ಣ. ಅದೇ ಕಾಯಿಯ ಬೀಜದ ಸಸಿ ಒಂಬತ್ತು ಪಕ್ಕದಲ್ಲೇ ಇಟ್ಟಿದ್ದೇನೆ. ನನ್ನ ಕೋರ್ಸ್ ಮುಗಿಯುತ್ತದೆ, ಇವನ್ನು ಎಲ್ಲಿ ನೆಡುದು ಅಂತ ಚಿಂತೆ. ವರ್ಷ ಎರಡು ವರ್ಷ ಬಿಟ್ಟು ಒಂದೇ ಮಣ್ಣಿನಲ್ಲಿದ್ದ ಬೇರು ಚೂರು ತೆಗೆದು ನೋಡಿದ್ರೆ ಮಾತ್ರ ನಾನು ಕೇಳಿದ ಪ್ರಶ್ನೆಗೆ ಸರೀ ಉತ್ತರ ಸಿಗುದು.

ಪೆರ್ಲದ_ತೋಟ

ಇದನ್ನು ಕೇಳ್ಬೇಕಾ ಮಗಳೇ. ಆ ಮೂರನೇ ಮರದ ಗುಂಡಿ ಹಾಗೇ ಉಂಟು. ಅದರ ಸುತ್ತ ಜಾಗ ಬೇಕಾದಷ್ಟು, ಗುಡ್ಡೆಗೆ ಕೊರೆದ ಸುರಂಗದ ನೀರು ಹತ್ತಿರ ಬರ್ತದೆ, ಬೇಸಗೆಯಲ್ಲೂ ಒಣಗುದಿಲ್ಲ. ಇಪ್ಪತ್ತೂ ತಂದು ನೆಡಿ. ಯಾವುದು ಬಾಟಲಿದು ಯಾವುದು ಬೀಜದ್ದು ಅಂತ ಗುರುತಿಗೆ ನಾನು ಮುರಕಲ್ಲಿನ ತುಂಡಿನ ಮೇಲೆ ಪೇಂಟಿನಲ್ಲಿ ನಂಬ್ರ ಬರೆದು ಇಡ್ತೇನೆ, ತಗಡು ಆದ್ರೆ ಒಂದು ಮಳೆಗಾಲಕ್ಕೆ ತುಕ್ಕು ಹಿಡೀತದೆ. ಬೇರು ತೆಗೆಯುವಾಗ ಒಂದು ಬದಿಯದ್ದು ಮಾತ್ರ, ಬೆರಳು ದಪ್ಪದ್ದು, ಮಣ್ಣು ಮುಚ್ಚಿ ಒತ್ತಬೇಕು. ನನ್ನ ಮರದ ತೊಗಟೆ ಬೇಕಾದ್ರೆ ಅದೂ ಆ ದಿನವೇ ತೆಗೀರಿ, ನೀವು ಹೇಳಿದ ಆ ಎರಡು ಮರ ಇಲ್ಲಿಯೇ ಆಯ್ತು. ಇಡ್ಲಿ ಪಾತ್ರೆ ಮನೆಯಲ್ಲಿ ಉಂಟು, ಕಿತ್ತ ಕೂಡ್ಲೇ ಒಲೆಗೆ ಇಡುವ.

ಬನದ_ಹಾದಿ

ಮಾವ, ಬರುವ ಶನಿವಾರ ಬೆಳಗ್ಗಿನ ಬಸ್ಸಿಗೆ ಬರ್ತೇನೆ, ತಮ್ಮನೂ ಇರ್ತಾನೆ ಗಿಡ ಹಿಡ್ಕೊಳ್ಲಿಕ್ಕೆ. ಸ್ಯಾಂಪಲಿಗೆ ಮೀನಿನ ಥರ್ಮಾಕೋಲ್ ಪೆಟ್ಟಿಗೆ, ಐಸ್ ನಾನೇ ತರ್ತೇನೆ. ಕಾಯಿ ಒಡೆದಿದೆಯಾ ಇನ್ನೂ ಇಲ್ವಾ?

ಪೆರ್ಲದ_ತೋಟ

ಎರಡು ಒಡೆದಿದೆ, ನಾಲ್ಕು ಇನ್ನೂ ಮುಚ್ಚಿ ಉಂಟು. ಪೆರ್ಲ ಪೇಟೆಯಲ್ಲಿ ಇಳಿದು ಕಾಲ್ ಮಾಡಿ, ಜೀಪು ಕಳಿಸ್ತೇನೆ. ಊಟಕ್ಕೆ ಇಲ್ಲಿಯೇ.